ಹಿನ್ನೀರಿನ ನಡುವೆ ಇಂಜಿನ್ ನಿಂತಿತು: ನಾವು ಏನು ಮಾಡಬೇಕಿತ್ತು?

ನವನಗರದ ಮಾಸ್ತರ (ಮಂಗಳವಾರ, ರಾತ್ರಿ 9.40)

ಕಳೆದ ಭಾನುವಾರದ ವಿಷಯ. ಬುತ್ತಿ ಕಟ್ಟಿಕೊಂಡು ಮನೆಯವರೆಲ್ಲ ಕೃಷ್ಣೆಯ ಹಿನ್ನೀರಿನ ದಂಡೆಗೆ ಹೋಗಿದ್ದೆವು. ಊಟವಾದ ಮೇಲೆ ನಾಲ್ಕು ಗಂಟೆಯ ಸುಮಾರಿಗೆ, ಮಕ್ಕಳ ಹಟಕ್ಕೆ ಮೋಟಾರು ದೋಣಿ ಹತ್ತಿದೆವು. ಜಾಗದ ಹೆಸರು, ದೋಣಿಯವನ ಹೆಸರು ಬರೆಯುವುದಿಲ್ಲ. ಜಗಳ ತೆಗೆಯುವುದು ನನ್ನ ಉದ್ದೇಶವಲ್ಲ, ತಪ್ಪಿನಲ್ಲಿ ನನ್ನ ಪಾಲೂ ಸಣ್ಣದಲ್ಲ. ಎಂಟು ಜನ ಕೂಡುವ ದೋಣಿಗೆ ನಾವು ಹನ್ನೊಂದು ಮಂದಿ. "ಮಕ್ಕಳು ಲೆಕ್ಕಕ್ಕಿಲ್ಲ ಬಿಡಿ" ಎಂದು ಅವನು ಅಂದಾಗ ಬಸ್ಸಿನ ಅರ್ಧ ಟಿಕೆಟ್ಟು ನೆನಪಾಗಿ ನಾನೂ ತಲೆಯಾಡಿಸಿದೆ.

ಇಪ್ಪತ್ತು ನಿಮಿಷ ಹೋಗಿರಬೇಕು. ಇಂಜಿನ್ ಒಮ್ಮೆ ನರಳಿ ನಿಂತುಬಿಟ್ಟಿತು. ಯಾರದೋ ಹರಿದ ನೈಲಾನ್ ಬಲೆ, ನೀರಿನಲ್ಲಿ ತಿರುಗಿ ದೋಣಿಯನ್ನು ನೂಕುವ ಫ್ಯಾನಿಗೆ ಸುತ್ತಿಕೊಂಡಿತ್ತು. ಅಷ್ಟರಲ್ಲಿ ಪಡುವಣಕ್ಕೆ ಮೋಡ ಕಪ್ಪಾಯಿತು, ಗಾಳಿ ಎದ್ದಿತು. ದೋಣಿ ಅಡ್ಡ ತಿರುಗಿತು, ಅಲೆಗಳು ಬದಿಗೆ ಬಡಿಯತೊಡಗಿದವು. ಆಗ ಲೈಫ್ ಜಾಕೆಟ್ ನೆನಪಾಯಿತು. ಹಲಗೆಯ ಕೆಳಗೆ ಆರು ಜಾಕೆಟ್‌ಗಳು ಒಂದೇ ಹಗ್ಗದಲ್ಲಿ ಕಟ್ಟಿಟ್ಟ ಗಂಟಿನಲ್ಲಿದ್ದವು. ಗಂಟು ಬಿಚ್ಚಲು ಬರಲಿಲ್ಲ. ಬಿಚ್ಚಿದ್ದರೂ ಮಕ್ಕಳ ಅಳತೆಯದು ಒಂದೂ ಇರಲಿಲ್ಲ. ನಮ್ಮ ಭಾವ ಮೊಬೈಲ್ ಸಿಗ್ನಲ್ ಹುಡುಕಲು ಎದ್ದು ನಿಂತರು, ಅವರನ್ನು ಹಿಡಿಯಲು ಇನ್ನಿಬ್ಬರು ಎದ್ದರು, ದೋಣಿ ಒಂದು ಕಡೆ ವಾಲಿ ಬಕೆಟ್ಟಿನಷ್ಟು ನೀರು ಒಳಗೆ ಬಂದಿತು. ನಮ್ಮ ಅತ್ತೆಯವರು ಸಂಗಮನಾಥನನ್ನು ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಕೊನೆಗೆ ಮೀನು ಹಿಡಿಯುವ ತೆಪ್ಪದವರು ಇಬ್ಬರು ಬಂದು, ಕುಡುಗೋಲಿನಿಂದ ಬಲೆ ಕೊಯ್ದು ಬಿಡಿಸಿದರು. ಯಾರಿಗೂ ಏನೂ ಆಗಲಿಲ್ಲ. ಮಗನ ಒಂದು ಚಪ್ಪಲಿ ಹೋಯಿತು, ಅಷ್ಟೆ.

ಎರಡು ದಿನದಿಂದ ಮನೆಯಲ್ಲಿ ಒಂದೇ ವಾದ. ದೋಣಿ ಮಗುಚಿದ್ದರೆ ಈಜಿ ದಂಡೆ ಸೇರಬೇಕಿತ್ತು ಎನ್ನುತ್ತಾರೆ ಭಾವ. ದಂಡೆ ಅರ್ಧ ಕಿಲೋಮೀಟರ್ ದೂರದಲ್ಲಿ ಕಾಣುತ್ತಿತ್ತು. ದೋಣಿಯನ್ನೇ ಹಿಡಿದುಕೊಂಡಿರಬೇಕು ಎನ್ನುವುದು ನನ್ನ ಅನಿಸಿಕೆ, ಆದರೆ ಕಾರಣ ಹೇಳಲು ಬರುವುದಿಲ್ಲ. ತಿಳಿದವರು ಹೇಳಿ. ಇಂಜಿನ್ ನಿಂತ ಕೂಡಲೇ ಮೊದಲು ಮಾಡಬೇಕಾದದ್ದು ಏನು?

ಕೊಲ್ಹಾರದ ಅಂಬಿಗ (ಮಂಗಳವಾರ, ರಾತ್ರಿ 10.25)

ಮಾಸ್ತರರೇ, ಮೊದಲು ಲಂಗರು. ಇಂಜಿನ್ ಯಾಕೆ ನಿಂತಿತು ಎಂದು ನೋಡುವುದು ಆಮೇಲೆ. ನೀವು ಫ್ಯಾನಿನ ಕಡೆ ಬಗ್ಗಿ ನೋಡುತ್ತಿರುವಾಗ ಗಾಳಿ ದೋಣಿಯನ್ನು ಎಲ್ಲಿಗೋ ಒಯ್ಯುತ್ತಿರುತ್ತದೆ. ಲಂಗರನ್ನು ಮುಂದಿನ ಮೂತಿಯಿಂದಲೇ ಇಳಿಸಬೇಕು. ಮೂತಿ ಗಾಳಿಗೆ ಎದುರಾಗಿ ನಿಂತರೆ ಅಲೆ ಸೀಳಿಕೊಂಡು ಹೋಗುತ್ತದೆ. ಹಿಂಬದಿಯಿಂದ ಇಳಿಸಿದರೆ ಇಂಜಿನ್ನಿನ ಭಾರ ಇರುವ ತಗ್ಗು ಭಾಗವೇ ಅಲೆಗೆ ಎದುರಾಗಿ ನೀರು ಒಳಗೆ ಸುರಿಯುತ್ತದೆ. ಇನ್ನು ಹಗ್ಗ. ನೀರಿನ ಆಳ 4 ಮೀಟರ್ ಇದ್ದರೆ 4 ಮೀಟರ್ ಹಗ್ಗ ಸಾಲದು. ಗಾಳಿ ಇರುವಾಗ ಆಳದ ಐದರಿಂದ ಏಳು ಪಟ್ಟು ಬಿಡಬೇಕು. ಲಂಗರು ನೆಲದ ಮೇಲೆ ಅಡ್ಡ ಮಲಗಿ ಮಣ್ಣು ಕಚ್ಚುತ್ತದೆ. ನೆಟ್ಟಗೆ ತೂಗಿಬಿಟ್ಟರೆ ಬರಿ ಜಾರುತ್ತದೆ.

ಲಂಗರೇ ಇಲ್ಲದಿದ್ದರೆ ಬಕೆಟ್ಟನ್ನು ಹಗ್ಗಕ್ಕೆ ಕಟ್ಟಿ ಮೂತಿಯಿಂದ ನೀರಿಗೆ ಬಿಡಿ. ಅದು ನೀರು ತುಂಬಿಕೊಂಡು ಹಿಂದಕ್ಕೆ ಜಗ್ಗುತ್ತದೆ. ದೋಣಿ ನಿಲ್ಲದಿದ್ದರೂ ಮೂತಿ ಗಾಳಿಯ ಕಡೆ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಯೇ ಮಗುಚುವುದು. ಜೊತೆಗೆ ಎರಡು ಹುಟ್ಟು, ಒಂದು ಹರಿತವಾದ ಚಾಕು. ಇವಿಲ್ಲದ ಮೋಟಾರು ದೋಣಿಯನ್ನು ನಾನು ದೋಣಿ ಎಂದು ಕರೆಯುವುದಿಲ್ಲ.

ಒಂದು ಮಾತು ಬಹಳ ದಿನದಿಂದ ಹೇಳಬೇಕೆಂದಿದ್ದೆ. ನಮ್ಮ ಅಜ್ಜ ಇದೇ ಕೃಷ್ಣೆಯಲ್ಲಿ ಹರಿಗೋಲು ಹಾಕುತ್ತಿದ್ದರು. ಯಾವ ತಿಂಗಳಿನಲ್ಲಿ ಸೆಳವು ಎಲ್ಲಿ, ಬಂಡೆ ಎಲ್ಲಿ, ಎಲ್ಲವೂ ಅವರಿಗೆ ಬಾಯಿಪಾಠ. ಆದರೆ ಅದು ಹರಿಯುವ ನದಿ, ಎರಡೂ ದಂಡೆ ಕಾಣುತ್ತಿದ್ದ ನದಿ. ಆಲಮಟ್ಟಿ ತುಂಬಿದ ಮೇಲೆ ನಮ್ಮ ಮುಂದಿರುವುದು ಬೇರೆಯೇ ನೀರು. ಇಲ್ಲಿ ಸೆಳವಿಗಿಂತ ಗಾಳಿಯದೇ ಕಾರುಬಾರು. ಮೈಲುಗಟ್ಟಲೆ ಅಡ್ಡಿಯಿಲ್ಲದೆ ಬೀಸುವ ಗಾಳಿಗೆ ಅಲೆ ಬೆಳೆಯುತ್ತಾ ಹೋಗುತ್ತದೆ. ಕೊರ್ತಿ–ಕೊಲ್ಹಾರ ಸೇತುವೆಯ ಮೇಲೆ ಬೈಕಿನಲ್ಲಿ ಹೋದವರಿಗೆ ಆ ಗಾಳಿ ಗೊತ್ತು. ದೋಣಿ ಹತ್ತುವ ದಂಡೆಯಲ್ಲಿ ನೀರು ಕನ್ನಡಿಯ ಹಾಗಿರುತ್ತದೆ, ಏಕೆಂದರೆ ಅಲ್ಲಿ ಗುಡ್ಡದ ಮರೆ ಇರುತ್ತದೆ. ನಡುನೀರಿಗೆ ಹೋದ ಮೇಲೆ ನಿಜ ತಿಳಿಯುತ್ತದೆ. ಅಜ್ಜನ ವಿದ್ಯೆ ನನಗೆ ಅರ್ಧ ಮಾತ್ರ ಉಪಯೋಗಕ್ಕೆ ಬಂದಿತು. ಉಳಿದರ್ಧವನ್ನು ಹೊಸದಾಗಿ ಕಲಿತೆ, ಎರಡು ಸಲ ಮಗುಚಿ.

ಜಮಖಂಡಿ ಬಾವಿ ಈಜುಗಾರ (ಮಂಗಳವಾರ, ರಾತ್ರಿ 10.50)

ಭಾವನವರ ಪರ ನನ್ನ ಒಂದು ಮತ. ಈಜು ಬರುವವನು ಮಗುಚಿದ ದೋಣಿಗೆ ಜೋತುಬೀಳುವುದು ಯಾಕೆ? ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಆರನೆಯ ವಯಸ್ಸಿಗೆ ಬಾವಿಗೆ ಹಾರಿದವನು ನಾನು. ಅರ್ಧ ಕಿಲೋಮೀಟರ್ ದೊಡ್ಡ ಮಾತಲ್ಲ. ಮೊದಲು ದಂಡೆ ಸೇರಿ ಸಹಾಯ ಕರೆತರುವುದೇ ಬುದ್ಧಿವಂತಿಕೆ.

ನಿವೃತ್ತ ಅಗ್ನಿಶಾಮಕ, ಬೆಳಗಾವಿ (ಬುಧವಾರ, ಬೆಳಿಗ್ಗೆ 6.15)

ಬಾವಿ ಈಜುಗಾರ ತಮ್ಮಾ, ನಿನ್ನ ಈಜಿನ ಬಗ್ಗೆ ನನಗೆ ಅನುಮಾನವಿಲ್ಲ. ಅನುಮಾನ ಬಾವಿಯ ಬಗ್ಗೆ. ಬಾವಿಯಲ್ಲಿ ಹತ್ತು ಬಾರಿ ಕೈ ಬೀಸಿದರೆ ಗೋಡೆ ಸಿಗುತ್ತದೆ, ಹಿಡಿಯಲು ಕಲ್ಲಿರುತ್ತದೆ. ಅಲ್ಲಿ ಅಲೆ ಮುಖಕ್ಕೆ ಬಡಿಯುವುದಿಲ್ಲ. ಪ್ಯಾಂಟು, ಬೆಲ್ಟು ಹಾಕಿಕೊಂಡು ಬಾವಿಗೆ ಯಾರೂ ಇಳಿಯುವುದಿಲ್ಲ. ಸೇವೆಯಲ್ಲಿದ್ದಾಗ ನಾನು ನೀರಿನಿಂದ ಎತ್ತಿದವರಲ್ಲಿ ಈಜು ಬರುತ್ತಿದ್ದವರು ಕಡಿಮೆ ಇರಲಿಲ್ಲ.

ನೀರಿನ ಮೇಲಿಂದ ನೋಡುವಾಗ ದೂರ ಮೋಸ ಮಾಡುತ್ತದೆ. ಕಣ್ಣು ನೀರಿನ ಮಟ್ಟದಿಂದ ಒಂದು ಗೇಣು ಮೇಲಿದ್ದರೆ ಅಳೆಯಲು ನಡುವೆ ಗುರುತು ಯಾವುದೂ ಇರುವುದಿಲ್ಲ. ಅರ್ಧ ಕಿಲೋಮೀಟರ್ ಎಂದು ಮಾಸ್ತರರು ಅಂದದ್ದು ಒಂದೂವರೆ ಇದ್ದಿರಬಹುದು. ಫೈಬರ್ ಅಥವಾ ಮರದ ದೋಣಿ ಮಗುಚಿದರೂ ಬಹಳ ಮಟ್ಟಿಗೆ ತೇಲುತ್ತಲೇ ಇರುತ್ತದೆ. ಹುಡುಕಲು ಬರುವವರ ಕಣ್ಣಿಗೆ ದೊಡ್ಡ ದೋಣಿ ದೂರದಿಂದಲೇ ಬೀಳುತ್ತದೆ. ಒಬ್ಬ ಮನುಷ್ಯನ ತಲೆ ಅಲೆಗಳ ನಡುವೆ ತೆಂಗಿನಕಾಯಿಯಷ್ಟೇ ಕಾಣುತ್ತದೆ. ಆದ್ದರಿಂದ ಮೊದಲು ತಲೆ ಎಣಿಸಬೇಕು. ಒಬ್ಬರು ಕಡಿಮೆ ಬಂದರೆ ಮಗುಚಿದ ದೋಣಿಯ ಅಡಿಯಲ್ಲಿ ಹುಡುಕಬೇಕು. ಅಲ್ಲಿ ಗಾಳಿ ಸಿಕ್ಕಿಬಿದ್ದ ಜಾಗದಲ್ಲಿ ಮನುಷ್ಯ ಜೀವಂತ ಇರುವುದುಂಟು. ಆಮೇಲೆ ಎಲ್ಲರೂ ದೋಣಿಯ ಎರಡೂ ಬದಿಗೆ ಹಂಚಿಕೊಂಡು ಹಿಡಿಯಬೇಕು, ಮಕ್ಕಳನ್ನು ಮೇಲಕ್ಕೆ ಹತ್ತಿಸಬೇಕು.

ಈ ಮಾತಿಗೆ ಹೊರತಾದ ಸಂದರ್ಭಗಳೂ ಇವೆ. ದೋಣಿಗೆ ಬೆಂಕಿ ಹತ್ತಿದ್ದರೆ, ಅಥವಾ ಅಣೆಕಟ್ಟಿನ ಗೇಟಿನ ಕಡೆಗೋ ಜಲಪಾತದ ಕಡೆಗೋ ಸೆಳೆದೊಯ್ಯುತ್ತಿದ್ದರೆ ದೋಣಿಯನ್ನು ಬಿಡಲೇಬೇಕು. ಮಳೆಗಾಲದ ಘಟಪ್ರಭೆಯಲ್ಲಿ ಗೋಕಾಕದ ಕಡೆಗೆ ತೇಲುತ್ತಾ ದೋಣಿಯನ್ನು ತಬ್ಬಿಕೊಂಡಿರಿ ಎಂದು ನಾನು ಹೇಳುವುದಿಲ್ಲ.

ಸಹಾಯಕ್ಕೆ 112. ಭಾವನವರು ಎದ್ದು ನಿಂತದ್ದು ತಪ್ಪು, ಕರೆ ಮಾಡಲು ಹೊರಟದ್ದು ಸರಿ. ಕುಳಿತೇ ಮಾಡಬೇಕಿತ್ತು. ದಡದಲ್ಲಿ ಉಳಿದ ಒಬ್ಬರಿಗೆ ಹೊರಡುವ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಲೈವ್ ಲೊಕೇಶನ್ ಕಳಿಸಿ, ಎಷ್ಟು ಗಂಟೆಗೆ ಮರಳುತ್ತೇವೆ ಎಂದು ಹೇಳಿ ಹೋಗಬೇಕು. ಮೊಬೈಲ್ ಪ್ಲಾಸ್ಟಿಕ್ ಚೀಲದೊಳಗಿರಲಿ. ಸಿಗ್ನಲ್ ಇಲ್ಲದಿದ್ದರೆ ಎರಡೂ ತೋಳುಗಳನ್ನು ಬದಿಗೆ ಚಾಚಿ ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ಅದು ಜಗತ್ತಿನ ನಾವಿಕರೆಲ್ಲ ಒಪ್ಪಿದ ಆಪತ್ತಿನ ಸನ್ನೆ. ಒಂದೇ ಕೈ ಬೀಸಿದರೆ ದಂಡೆಯಲ್ಲಿರುವವರು ಟಾಟಾ ಮಾಡುತ್ತಿದ್ದೀರಿ ಎಂದುಕೊಂಡು ಅವರೂ ಕೈ ಬೀಸುತ್ತಾರೆ.

ಹುಡುಗಾಟ_ಬೇಡ (ಬುಧವಾರ, ಬೆಳಿಗ್ಗೆ 7.02)

ಇಷ್ಟೆಲ್ಲ ಹೆದರುವವರು ಮನೆಯಲ್ಲೇ ಕುಳಿತು ಟಿವಿ ನೋಡುವುದು ಒಳ್ಳೆಯದು. ಅರ್ಧ ಗಂಟೆಯ ಸವಾರಿಗೆ ಹಡಗಿನ ಕಾನೂನು ಬೇಕೇ?

ನಿವೃತ್ತ ಅಗ್ನಿಶಾಮಕ, ಬೆಳಗಾವಿ (ಬುಧವಾರ, ಬೆಳಿಗ್ಗೆ 7.30)

2024ರ ಜನವರಿಯಲ್ಲಿ ವಡೋದರಾದ ಹರ್ಣಿ ಕೆರೆಯಲ್ಲಿ ಶಾಲೆಯ ಪ್ರವಾಸದ ದೋಣಿ ಮಗುಚಿತು. 12 ಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಕೊಂಡರು. ಅದು ಸಮುದ್ರವಲ್ಲ, ಊರೊಳಗಿನ ಕೆರೆ. ಮಿತಿಗಿಂತ ಹೆಚ್ಚು ಜನ ಇದ್ದರು, ಬಹಳ ಮಕ್ಕಳ ಮೈಮೇಲೆ ಜಾಕೆಟ್ ಇರಲಿಲ್ಲ. ಅವರೂ ಸವಾರಿಗೆ ಬಂದವರೇ.

ಇಳಕಲ್ಲಿನ ಅಕ್ಕ (ಬುಧವಾರ, ಮಧ್ಯಾಹ್ನ 1.10)

ಗಂಡಸರೆಲ್ಲ ಲಂಗರು, ಈಜು ಎಂದು ಬರೆದಿರಿ. ಸೀರೆ ಉಟ್ಟವರ ಗತಿಯನ್ನು ಯಾರೂ ಕೇಳಲಿಲ್ಲ. ನಮ್ಮ ಕಡೆಯ ಹಿರಿಯ ಹೆಂಗಸರು ಎಂಟು ಗಜದ ಇಳಕಲ್ ಸೀರೆ ಉಟ್ಟೇ ದೋಣಿ ಹತ್ತುತ್ತಾರೆ. ನೀರಿಗೆ ಬಿದ್ದಾಗ ನಿರಿಗೆ ಕಾಲಿಗೆ ಸುತ್ತಿಕೊಂಡರೆ ಕಾಲು ಬಡಿಯಲು ಆಗುವುದಿಲ್ಲ. ಹತ್ತುವ ಮೊದಲು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಿರಿಗೆಯನ್ನು ತುಸು ಮೇಲೆತ್ತಿ ಕಟ್ಟಿ, ಜಾಕೆಟ್ಟನ್ನು ಎಲ್ಲಕ್ಕಿಂತ ಹೊರಗೆ ಹಾಕಿಕೊಳ್ಳಬೇಕು. ಜಾಕೆಟ್ಟಿನ ಮೇಲೆ ಸೆರಗು ಹೊದ್ದರೆ ಮುಖದ ಮೇಲೆ ಒದ್ದೆ ಬಟ್ಟೆ ಬಿದ್ದು ಉಸಿರು ಕಟ್ಟುತ್ತದೆ.

ಜಾಕೆಟ್ ಸರಿಯಾಗಿದೆಯೇ ಎಂದು ನೋಡಲು ಒಂದು ಸುಲಭದ ಉಪಾಯ: ಎಲ್ಲ ಕೊಂಡಿ ಹಾಕಿಸಿ, ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ. ಅದು ಗಲ್ಲ, ಕಿವಿಯವರೆಗೆ ಏರಿದರೆ ದೊಡ್ಡದಾಯಿತು. ಮಗುವಿನದನ್ನು ವಯಸ್ಸು ನೋಡಿ ಕೊಳ್ಳಬೇಡಿ, ತೂಕ ನೋಡಿ. ಚಿಕ್ಕವರ ಜಾಕೆಟ್ಟಿಗೆ ಕಾಲುಗಳ ನಡುವಿನಿಂದ ಬರುವ ಪಟ್ಟಿ ಇರಲೇಬೇಕು, ಇಲ್ಲವಾದರೆ ಮಗು ಕೆಳಗಿನಿಂದ ಜಾರಿಬಿಡುತ್ತದೆ. ದೊಡ್ಡವರ ಜಾಕೆಟ್ಟಿನಲ್ಲಿ ಮಗುವನ್ನು ಸುತ್ತುವುದು ಅಪಾಯ ಎಂದು ನನ್ನ ತಮ್ಮ ಹೇಳುತ್ತಾನೆ. ಅವನು ಗೋವೆಯಲ್ಲಿ ದೋಣಿಯ ಕೆಲಸ ಮಾಡುತ್ತಾನೆ. ಜಾಕೆಟ್ಟಿನ ಮೇಲೆ ಅದು ತೇಲಿಸುವ ಬಲದ ನ್ಯೂಟನ್ ಲೆಕ್ಕ ಅಚ್ಚಾಗಿರುತ್ತದಂತೆ. 50 ಎಂದಿದ್ದರೆ ಅದು ಈಜು ಬಲ್ಲವರಿಗೆ, ಕೈಗೆಟುಕುವಷ್ಟು ಹತ್ತಿರ ಸಹಾಯ ಇರುವಲ್ಲಿ. ಈಜು ಬಾರದವರಿಗೆ 100ಕ್ಕಿಂತ ಕಡಿಮೆಯದು ಬೇಡ.

ಆದರೂ ಸೀರೆಯನ್ನು ಪೂರ್ತಿ ಬಯ್ಯಬೇಡಿ. 2020ರಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟರೈ ಅಣೆಕಟ್ಟಿನಲ್ಲಿ ಹುಡುಗರು ಮುಳುಗುತ್ತಿದ್ದಾಗ, ದಂಡೆಯಲ್ಲಿದ್ದ ಮೂವರು ಹೆಂಗಸರು ಉಟ್ಟ ಸೀರೆ ಬಿಚ್ಚಿ ಎಸೆದು ಇಬ್ಬರನ್ನು ಎಳೆದು ಉಳಿಸಿದರು. ಹಗ್ಗ ಇಲ್ಲದಾಗ ಸೀರೆಗಿಂತ ಉದ್ದವಾದದ್ದು ಇನ್ನೇನಿದೆ?

ಕೊಲ್ಹಾರದ ಅಂಬಿಗ (ಬುಧವಾರ, ಮಧ್ಯಾಹ್ನ 2.05)

ಅಕ್ಕಾ, ಒಳ್ಳೆಯ ಮಾತು. ಎಸೆಯುವ ವಿಷಯ ಬಂದಿದ್ದರಿಂದ ಒಂದು ಸೇರಿಸುತ್ತೇನೆ. 5 ಲೀಟರಿನ ಖಾಲಿ ಎಣ್ಣೆ ಕ್ಯಾನಿಗೆ ಹಗ್ಗ ಕಟ್ಟಿ, ಒಳಗೆ ಒಂದು ಲೋಟ ನೀರು ಬಿಟ್ಟು ಬಿಗಿಯಾಗಿ ಮುಚ್ಚಿಡಿ. ಪೂರ್ತಿ ಖಾಲಿ ಕ್ಯಾನ್ ಗಾಳಿಗೆ ಹಿಂದಕ್ಕೆ ಹಾರುತ್ತದೆ, ತುಸು ಭಾರ ಇದ್ದರೆ ಎಸೆದ ಕಡೆಗೆ ಹೋಗುತ್ತದೆ. ಬಿದ್ದವನ ಮೇಲೆ ಎಸೆಯಬೇಡಿ. ಅವನನ್ನು ದಾಟಿಸಿ ಎಸೆದು ಹಗ್ಗವನ್ನು ಅವನ ಕೈಗೆ ಬರುವಂತೆ ಎಳೆಯಿರಿ.

ಯಾರಾದರೂ ಬಿದ್ದರೆ ಒಬ್ಬರು ಬೇರೆ ಕೆಲಸವನ್ನೆಲ್ಲ ಬಿಟ್ಟು ಅವನ ಕಡೆಗೇ ಬೆರಳು ತೋರಿಸುತ್ತಾ ಇರಬೇಕು. ಒಮ್ಮೆ ಕಣ್ಣು ತಪ್ಪಿದರೆ ಅಲೆಯಲ್ಲಿ ಮತ್ತೆ ಸಿಗುವುದಿಲ್ಲ. ದೋಣಿ ನಡೆಸುವವನು ಬಿದ್ದವನ ಕಡೆಗೇ ಚುಕ್ಕಾಣಿ ತಿರುಗಿಸಬೇಕು. ಆಗ ಹಿಂಬದಿಯ ಫ್ಯಾನು ಅವನಿಂದ ದೂರ ಸರಿಯುತ್ತದೆ. ಹತ್ತಿರ ಬಂದ ಮೇಲೆ ಇಂಜಿನ್ ಆರಿಸಲೇಬೇಕು. ನ್ಯೂಟ್ರಲ್ ಎಂದು ನಂಬಬೇಡಿ. ನಡೆಸುವವನೇ ಬಿದ್ದರೆ ಆಳಿಲ್ಲದ ದೋಣಿ ಸುತ್ತು ಹೊಡೆದು ಅವನ ಮೇಲೇ ಬರುತ್ತದೆ. ಅದಕ್ಕೆಂದೇ ಇಂಜಿನ್ ಆರಿಸುವ ಕೆಂಪು ಸುರುಳಿ ದಾರ ಇರುತ್ತದೆ, ಅದನ್ನು ಕಾಲಿಗೋ ಮುಂಗೈಗೋ ಹಾಕಿಕೊಳ್ಳಬೇಕು. ನಮ್ಮ ಹುಡುಗರು ಅದನ್ನು ಗೂಟಕ್ಕೆ ಸಿಕ್ಕಿಸಿ ಬೀಡಿ ಹಚ್ಚುತ್ತಾರೆ.

ಕಾಲೇಜು ಹುಡುಗ, ಬೀಳಗಿ (ಬುಧವಾರ, ಮಧ್ಯಾಹ್ನ 2.40)

ಕಾಕಾ, ಬೀಡಿ ಅಂದಿರಿ. ಪೆಟ್ರೋಲ್ ಇಂಜಿನ್ ದೋಣಿಯಲ್ಲಿ ಬೆಂಕಿ ಹತ್ತುವುದು ನಿಜವೇ? ಸುತ್ತಲೂ ನೀರಿರುತ್ತದಲ್ಲ.

ನಿವೃತ್ತ ಅಗ್ನಿಶಾಮಕ, ಬೆಳಗಾವಿ (ಬುಧವಾರ, ಸಂಜೆ 4.20)

ಆ ನೀರು ಪೆಟ್ರೋಲ್ ಬೆಂಕಿಗೆ ಉಪಯೋಗಕ್ಕೆ ಬರುವುದಿಲ್ಲ ಮಗು. ನೀರು ಸುರಿದರೆ ಪೆಟ್ರೋಲ್ ಅದರ ಮೇಲೆ ತೇಲಿ ಬೆಂಕಿ ಹರಡುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ದೋಣಿಯ ತಳಕ್ಕೆ ಇಳಿದು ಅಲ್ಲೇ ಕುಳಿತಿರುತ್ತದೆ. ಪೆಟ್ರೋಲ್ ತುಂಬುವಾಗ ಜನರನ್ನೆಲ್ಲ ದಂಡೆಗೆ ಇಳಿಸಬೇಕು. ತುಂಬಿದ ಮೇಲೆ ಗಾಳಿಯಾಡಲು ಬಿಟ್ಟು, ಮೂಸಿ ನೋಡಿ, ವಾಸನೆ ಹೋದ ಮೇಲೆ ಇಂಜಿನ್ ಚಾಲೂ ಮಾಡಬೇಕು. ಒಣ ಪುಡಿಯ ಅಗ್ನಿಶಾಮಕ ಸಿಲಿಂಡರ್ ಒಂದು ಕೈಗೆ ಸಿಗುವಲ್ಲಿರಲಿ, ಇಂಜಿನ್ ಪಕ್ಕದಲ್ಲಿ ಬೇಡ. ಬೆಂಕಿ ಬಿದ್ದ ಜಾಗಕ್ಕೆ ಕೈ ಹಾಕಬೇಕಾದೀತು. ಬೆಂಕಿ ಹಿಂಬದಿಗೆ ಹತ್ತಿದರೆ ಮೂತಿಯನ್ನು ಗಾಳಿಗೆ ಎದುರು ತಿರುಗಿಸಿ, ಜ್ವಾಲೆ ಜನರಿಂದ ಆಚೆಗೆ ಹೋಗುತ್ತದೆ.

ವಿಜಯಪುರದ ಶುಶ್ರೂಷಕಿ (ಬುಧವಾರ, ರಾತ್ರಿ 8.15)

ರಾತ್ರಿ ಪಾಳಿಗೆ ಹೊರಡುವ ಮೊದಲು ಇದನ್ನು ಬರೆಯಲೇಬೇಕು. ನೀರು ಕುಡಿದವರನ್ನು ನಮ್ಮಲ್ಲಿಗೆ ತರುವ ಹೊತ್ತಿಗೆ ಊರಿನವರು ಒಂದು ಸುತ್ತು ಚಿಕಿತ್ಸೆ ಮುಗಿಸಿರುತ್ತಾರೆ. ತಲೆಕೆಳಗಾಗಿ ಎತ್ತಿ ತಿರುಗಿಸುವುದು, ಬೋರಲು ಮಲಗಿಸಿ ಹೊಟ್ಟೆ ಒತ್ತುವುದು. ದಯವಿಟ್ಟು ಬೇಡ. ಹೊಟ್ಟೆ ಒತ್ತಿದರೆ ಹೊರಬರುವುದು ಹೊಟ್ಟೆಯ ನೀರು ಮತ್ತು ಊಟ. ಅದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ಶ್ವಾಸಕೋಶದ ನೀರನ್ನು ಒತ್ತಿ ತೆಗೆಯಲು ಆಗುವುದಿಲ್ಲ, ತೆಗೆಯುವ ಅಗತ್ಯವೂ ಇಲ್ಲ. ಅವರಿಗೆ ಬೇಕಾದದ್ದು ಗಾಳಿ.

ಎಚ್ಚರವಿಲ್ಲ, ಉಸಿರಿಲ್ಲ ಎಂದಾದರೆ ಅಂಗಾತ ಮಲಗಿಸಿ. ತಲೆ ಹಿಂದಕ್ಕೆ ಬಾಗಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು 5 ಬಾರಿ ಉಸಿರು ಕೊಡಿ. ಪ್ರತಿ ಸಲ ಎದೆ ಏರುವುದು ಕಾಣಬೇಕು. ಹೃದಯಾಘಾತದಲ್ಲಿ ಎದೆ ಒತ್ತುವುದು ಮೊದಲು. ಮುಳುಗಿದವರಲ್ಲಿ ಉಸಿರು ಮೊದಲು, ಏಕೆಂದರೆ ಅವರ ಹೃದಯ ನಿಂತಿರುವುದೇ ಉಸಿರಿಲ್ಲದೆ. ಆಮೇಲೆ ಎದೆಯ ನಡುವೆ 30 ಬಾರಿ ಒತ್ತಿ 2 ಬಾರಿ ಉಸಿರು, ಮತ್ತೆ 30, ಮತ್ತೆ 2. ದೊಡ್ಡವರಿಗೆ 5 ಸೆಂಟಿಮೀಟರಿನಷ್ಟು ಆಳ, ನಿಮಿಷಕ್ಕೆ 100ರಿಂದ 120ರ ವೇಗ. ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಕರೆ ಮಾಡಲಿ. ಬಾಯಿಯಿಂದ ನೊರೆ ಬಂದರೆ ಒರೆಸುತ್ತಾ ಕೂಡಬೇಡಿ, ಉಸಿರು ಕೊಡುವುದನ್ನು ಮುಂದುವರಿಸಿ.

ಎದ್ದು ಕುಳಿತು ಚಹಾ ಕೇಳಿದರೂ ಆಸ್ಪತ್ರೆಗೆ ಕರೆತನ್ನಿ. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ಕೆಲವು ಗಂಟೆಗಳ ಮೇಲೆ ಉಸಿರಾಟ ಕೆಡಬಹುದು. ಕೆಮ್ಮು, ಏದುಸಿರು, ಮಂಪರು ಇವು ಅದರ ಲಕ್ಷಣ.

ಮಕ್ಕಳ ತಾಯಂದಿರಿಗೆ ಇನ್ನೊಂದು ಮಾತು: ಮುಳುಗುವವರು ಸಿನಿಮಾದ ಹಾಗೆ ಕಿರುಚುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿರುವವನಿಗೆ ಉಸಿರಾಡಲೇ ಸಮಯವಿರುವುದಿಲ್ಲ, ಇನ್ನು ಕೂಗುವುದೆಲ್ಲಿ. ಸದ್ದಿಲ್ಲದ ಮಗುವನ್ನೇ ಮೊದಲು ನೋಡಿ.

ಮುಳುಗಡೆ ಊರಿನವ (ಬುಧವಾರ, ರಾತ್ರಿ 10.30)

ಮಾಸ್ತರರ ದೋಣಿಗೆ ಬಲೆ ಸಿಕ್ಕಿದ್ದು ಪುಣ್ಯ. ನಮ್ಮ ಮನೆಯ ಗೋಡೆ ಸಿಕ್ಕಬಹುದಿತ್ತು. ತಮಾಷೆಯಲ್ಲ. ಆಲಮಟ್ಟಿಯ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 519.60 ಮೀಟರ್. ಮಳೆಗಾಲದಲ್ಲಿ ಅಷ್ಟು ತುಂಬಿದಾಗ ನಮ್ಮ ಊರು ಆಳದಲ್ಲಿರುತ್ತದೆ, ದೋಣಿ ನಿಶ್ಚಿಂತೆಯಿಂದ ಮೇಲೆ ಹೋಗುತ್ತದೆ. ಏಪ್ರಿಲ್, ಮೇ ಹೊತ್ತಿಗೆ ನೀರು ಇಳಿದಾಗ ಹಳೆಯ ಗೋಡೆ, ಜಾಲಿಯ ಬೊಡ್ಡೆ, ಕಲ್ಲಿನ ಕಟ್ಟೆ ಇವೆಲ್ಲ ನೀರಿನ ಮೇಲ್ಮೈಯಿಂದ ಒಂದು ಮೊಳ ಕೆಳಗೆ ಬಂದು ಕಾಯುತ್ತಿರುತ್ತವೆ. ಹಿಡಕಲ್ ಜಲಾಶಯದಲ್ಲಿ ಹುನ್ನೂರಿನ ವಿಠ್ಠಲನ ಗುಡಿ ಬೇಸಿಗೆಯಲ್ಲಿ ಎದ್ದು ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಕಾಣುವ ಗುಡಿಯಿಂದ ಅಪಾಯವಿಲ್ಲ. ಕಾಣದೆ ಉಳಿದವುಗಳದೇ ಅಪಾಯ. ಕಳೆದ ತಿಂಗಳು ದೋಣಿ ಹೋದ ದಾರಿ ಈ ತಿಂಗಳು ದಾರಿಯಲ್ಲ.

ದಂಡೆಯ ಹತ್ತಿರ ರೈತರ ಪಂಪ್‌ಸೆಟ್ಟುಗಳ ಪೈಪು, ಕೇಬಲ್ ನೀರಿನಲ್ಲೇ ಹಾದಿರುತ್ತವೆ. ಅವುಗಳ ಬಳಿ ಇಳಿಯಬೇಡಿ, ಮುಟ್ಟಬೇಡಿ. ನೀರು ಇಳಿದ ದಂಡೆಯ ಕೆಸರು ಮೇಲೆ ಒಣಗಿ ಬಿರಿದಿರುತ್ತದೆ, ಕಾಲಿಟ್ಟರೆ ತೊಡೆಯವರೆಗೆ ಹೂಳುತ್ತದೆ. ಹೂತರೆ ಒದ್ದಾಡದೆ ಹಿಂದಕ್ಕೆ ಒರಗಿ, ಭಾರ ಹರಡಿ, ಒಂದೊಂದೇ ಕಾಲು ಬಿಡಿಸಿಕೊಳ್ಳಬೇಕು. ಕೃಷ್ಣೆಯಲ್ಲಿ ಮೊಸಳೆ ಇದೆ ಎನ್ನುವುದು ಇಲ್ಲಿನವರಿಗೆ ಹೊಸದಲ್ಲ. ದೋಣಿಯಿಂದ ಕೈ ಇಳಿಬಿಟ್ಟು ಸೆಲ್ಫಿ ತೆಗೆಯುವವರಿಗೆ ಹೊಸದಿರಬಹುದು.

ಹುಡುಗಾಟ_ಬೇಡ (ಬುಧವಾರ, ರಾತ್ರಿ 10.48)

ಮೊಸಳೆಯ ಮಾತಿಗೆ ಒಪ್ಪಿದೆ. ಉಳಿದದ್ದನ್ನು ಯೋಚಿಸುತ್ತೇನೆ.

ನಿವೃತ್ತ ಅಗ್ನಿಶಾಮಕ, ಬೆಳಗಾವಿ (ಗುರುವಾರ, ಬೆಳಿಗ್ಗೆ 6.05)

ಸೆಲ್ಫಿ ಎಂದಾಗ ನೆನಪಾಯಿತು. 2009ರ ಸೆಪ್ಟೆಂಬರಿನಲ್ಲಿ ತೇಕ್ಕಡಿಯಲ್ಲಿ ಪ್ರವಾಸಿ ದೋಣಿ ಮಗುಚಿ 45 ಜನ ಸತ್ತರು. ದಂಡೆಯ ಕಾಡುಪ್ರಾಣಿಗಳನ್ನು ನೋಡಲು ಜನ ಒಂದೇ ಬದಿಗೆ ಸರಿದರು ಎಂಬುದು ಆಗ ಎಲ್ಲ ಪತ್ರಿಕೆಗಳಲ್ಲಿ ಬಂದಿತ್ತು. ಮಾಸ್ತರರ ದೋಣಿಯಲ್ಲಿ ಮೂವರು ಎದ್ದಾಗ ಆದದ್ದು ಅದರದೇ ಸಣ್ಣ ರೂಪ. ಮೂರು ಜನ ಹೆಚ್ಚಿದ್ದರೆ ದೋಣಿಯ ಅಂಚು ನೀರಿಗೆ ಅಷ್ಟು ಹತ್ತಿರ ಬಂದಿರುತ್ತದೆ, ಜೊತೆಗೆ ಎದ್ದು ನಿಂತವರ ಭಾರ ಎತ್ತರಕ್ಕೆ ಏರಿರುತ್ತದೆ. ಅಲೆಗೆ ಉಳಿದ ಕೆಲಸ ಸ್ವಲ್ಪವೇ.

1917ರ ಹಳೆಯ ಕಾಯ್ದೆಯ ಜಾಗಕ್ಕೆ 2021ರ ಒಳನಾಡು ನೌಕೆಗಳ ಕಾಯ್ದೆ ಬಂದಿದೆ. ಯಂತ್ರದ ದೋಣಿಗೆ ನೋಂದಣಿ, ತಪಾಸಣೆಯ ಪ್ರಮಾಣಪತ್ರ, ವಿಮೆ ಎಲ್ಲ ಅದರಲ್ಲಿವೆ. ಹತ್ತುವ ಮೊದಲು ಕಾಗದ ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವವನ ದೋಣಿ ಹತ್ತಬೇಡಿ.

ಮೋಡದ ಬಗ್ಗೆ: ಬೇಸಿಗೆಯ ಮಧ್ಯಾಹ್ನದ ಮೋಡವನ್ನು ನಂಬಬೇಡಿ, ಸವಾರಿಯನ್ನು ಬೆಳಿಗ್ಗೆಯೇ ಮುಗಿಸಿ. ಮಿಂಚು ಕಂಡು ಗುಡುಗು ಕೇಳುವವರೆಗೆ 30 ಸೆಕೆಂಡಿಗಿಂತ ಕಡಿಮೆಯಾದರೆ ಸಿಡಿಲು 10 ಕಿಲೋಮೀಟರಿನೊಳಗೆ ಬಂದಿದೆ, ಕೂಡಲೇ ದಂಡೆಗೆ ತಿರುಗಿ. ಬಯಲು ನೀರಿನಲ್ಲಿ ಎತ್ತರವಾಗಿ ಕಾಣುವ ವಸ್ತು ನೀವೇ. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಾಯ್ದು ಮತ್ತೆ ಹೊರಡಬಹುದು.

ನವನಗರದ ಮಾಸ್ತರ (ಭಾನುವಾರ, ಸಂಜೆ 7.20)

ಎಲ್ಲರಿಗೂ ನಮಸ್ಕಾರ. ಭಾವ ವಾದ ಬಿಡಲಿಲ್ಲ, ಹಾಗಾಗಿ ಇಂದು ಬೆಳಿಗ್ಗೆ ಅವರ ತೋಟದ ಬಾವಿಯಲ್ಲೇ ಪರೀಕ್ಷೆ ಇಟ್ಟೆವು. ಪ್ಯಾಂಟು, ಅಂಗಿ, ಬೆಲ್ಟು ಸಮೇತ ಇಳಿದರು, ಗೋಡೆ ಮುಟ್ಟಬಾರದು ಎಂಬ ಷರತ್ತು. ನಾನು ಮೇಲೆ ಹಗ್ಗ ಕಟ್ಟಿದ ಎಣ್ಣೆ ಕ್ಯಾನು ಹಿಡಿದು ನಿಂತಿದ್ದೆ, ಒಳಗೆ ಒಂದು ಲೋಟ ನೀರು ಬಿಟ್ಟು. ಆರನೆಯ ಸುತ್ತಿಗೆ ಭಾವ ಮಾತನಾಡುವುದನ್ನು ನಿಲ್ಲಿಸಿದರು, ಒಂಬತ್ತನೆಯದಕ್ಕೆ ಕ್ಯಾನು ಕೇಳಿದರು. ಮೊದಲ ಎಸೆತ ಅವರ ಹಣೆಗೆ ಬಿತ್ತು. ದಾಟಿಸಿ ಎಸೆಯಿರಿ ಎಂದು ಅಂಬಿಗರು ಬರೆದದ್ದು ಆಗ ನೆನಪಾಯಿತು.

ಮಕ್ಕಳಿಗೆ ತೂಕ ನೋಡಿ ಮೂರು ಜಾಕೆಟ್, ದೊಡ್ಡವರಿಗೆ 100ರ ನಾಲ್ಕು ತರಿಸಿದ್ದೇವೆ. ಮುಂದಿನ ಸಲ ಎರಡು ಸುತ್ತಿನಲ್ಲಿ ಹೋಗುತ್ತೇವೆ, ದಂಡೆಯಲ್ಲಿ ಯಾವಾಗಲೂ ಯಾರಾದರೂ ಒಬ್ಬರು ಮೊಬೈಲ್ ಹಿಡಿದು ಕುಳಿತಿರುತ್ತಾರೆ. ಆ ಕೆಲಸವನ್ನು ಅತ್ತೆಯವರೇ ಕೇಳಿ ತೆಗೆದುಕೊಂಡರು. ಇನ್ನು ದೋಣಿ ಹತ್ತುವುದಿಲ್ಲವಂತೆ. ಆದರೆ ದಂಡೆಯಲ್ಲಿ ಕುಳಿತಾಗಲೂ ಒಂದು ಜಾಕೆಟ್ ತಮಗೆ ಬೇಕೇ ಬೇಕು ಎಂದು, ಸೆರಗು ಸಿಕ್ಕಿಸಿ, ಹಾಕಿಕೊಂಡು ನೋಡಿದ್ದಾರೆ. ನಾನು ಭುಜದ ಪಟ್ಟಿ ಹಿಡಿದು ಎತ್ತಿದೆ. ಗಲ್ಲದವರೆಗೆ ಏರಲಿಲ್ಲ.